ಅಕ್ಕಾತಾಯಿ ಬಿಟ್ಟ ಖಾಲಿ ಸಾಲುಗಳು

ಹಾಲಿನ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಅದನ್ನು ಮಗುಚಿ, ಒಳಮೈಯನ್ನು ಮೂಗಿನಿಂದ ಎರಡು ಬೆರಳು ದೂರ ಹಿಡಿಯಬೇಕು. ಹುಳಿಗೆ ತಿರುಗುತ್ತಿರುವ ಹಾಲಿನ ವಾಸನೆ ಮೊದಲು ಸೇರುವುದು ಮುಚ್ಚಳದಲ್ಲಿ. ಎರಡನೇ ಉಸಿರಿಗೆ ಅದು ಸಿಗುವುದಿಲ್ಲ. ಅಕ್ಕಾತಾಯಿ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು "ನಡೀತೈತಿ" ಎನ್ನುತ್ತಿದ್ದರು. ಇಲ್ಲವೇ ಕ್ಯಾನಿನ ಕುತ್ತಿಗೆ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದರು.

ಡೈರಿ ತಂತ್ರಜ್ಞಾನ ಓದಿ, ಮಂಡ್ಯದಿಂದ ಕಾಗವಾಡದ ಹತ್ತಿರದ ಒಂದು ಖಾಸಗಿ ಹಾಲು ಶೀತಲೀಕರಣ ಕೇಂದ್ರಕ್ಕೆ ಉಸ್ತುವಾರಿಯಾಗಿ ಬಂದ ಮೊದಲ ದಿನ ನಾನು ಕಂಡದ್ದು ಇದು. ಯಂತ್ರಗಳ ನಡುವೆ ಒಬ್ಬ ಹೆಂಗಸಿನ ಮೂಗು ಇಡೀ ಕೇಂದ್ರವನ್ನು ನಡೆಸುತ್ತಿತ್ತು. ನನಗೆ ಅದು ವಿಚಿತ್ರವಾಗಿ ಕಂಡಿತು, ಸ್ವಲ್ಪ ಅವಮಾನವೂ ಆಯಿತು.

ಕೋಣೆ ಸಿಕ್ಕಿದ್ದು ಜೈನ ರೈತರೊಬ್ಬರ ಮನೆಯ ಮಾಳಿಗೆಯಲ್ಲಿ. ಈರುಳ್ಳಿ, ಆಲೂಗಡ್ಡೆ ಮನೆಯೊಳಗೆ ತರಬಾರದು ಎಂಬ ಒಂದೇ ಷರತ್ತು. ಆ ಮನೆಯವರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ನಮ್ಮಲ್ಲಿ ಮುದ್ದೆ ಕೂಡಿಸಲು ಎಸರು ಇಡುವ ಹೊತ್ತಿಗೆ ಇಲ್ಲಿ ಪಾತ್ರೆ ತೊಳೆದಾಗಿರುತ್ತದೆ. ನಮ್ಮೂರಿನಲ್ಲಿ ಹಿರಿಯರು ನನ್ನನ್ನು "ಬಾಮ್ಮ" ಎಂದು ಕರೆಯುತ್ತಾರೆ. ಇಲ್ಲಿ ಅಪ್ಪನ ವಯಸ್ಸಿನವರೂ "ಬರ್ರಿ, ಕುಂದರ್ರಿ" ಎನ್ನುತ್ತಾರೆ. ಮೊದಮೊದಲು ಆ ಮರ್ಯಾದೆ ಹಿತವಾಗಿತ್ತು. ಅದು ಬಾಗಿಲು ಹಾಕಿಕೊಳ್ಳುವ ರೀತಿಯೂ ಆಗಿರಬಹುದು ಎಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಕೇಂದ್ರದಲ್ಲಿ ಎಲ್ಲರೂ ಅಕ್ಕಾತಾಯಿಯನ್ನು ಮಾವಶಿ ಎನ್ನುತ್ತಿದ್ದರು. ಮಾವಶಿ ಎಂದರೆ ಮರಾಠಿಯಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ನಾನು "ಅಕ್ಕಾತಾಯಿಯವರೇ" ಎಂದಾಗ ಕ್ಯಾನು ಇಳಿಸುವ ಭರಮು ನಕ್ಕಿದ್ದ. "ಹಂಗ ಕರದ್ರ ಆಕಿ ಹಿಂದ ತಿರಗಿ ನೋಡ್ತಾಳ್ರಿ, ಮತ್ಯಾರ ಬಂದಾರೇನು ಅಂತ."

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಕೆಲಸದವರ ನಂಬಿಕೆ ಗಳಿಸಬೇಕಾದರೆ ಮೊದಲು ಕೇಳಿಸಿಕೊಳ್ಳಿ, ನಿಮ್ಮ ತಪ್ಪನ್ನು ಒಪ್ಪಿಕೊಳ್ಳಿ, ಜೊತೆಗೆ ಕುಳಿತು ಉಣ್ಣಿ. ನಾನು ಶ್ರದ್ಧೆಯಿಂದ ಮಾಡಿದೆ. ಮಧ್ಯಾಹ್ನ ಎಲ್ಲರೂ ದುಂಡಗೆ ಕುಳಿತು ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಜೋಳದ ಭಕ್ಕರಿ, ಕಡಲೆಹಿಟ್ಟಿನ ಝುಣಕ, ಹಸಿಮೆಣಸಿನಕಾಯಿ ಕುಟ್ಟಿದ ಠೇಚಾ. ಮೊದಲ ವಾರ ಠೇಚಾ ತಿಂದು ನನ್ನ ಕಣ್ಣಲ್ಲಿ ನೀರು ಬಂದಾಗ ಅಕ್ಕಾತಾಯಿ ನನ್ನ ತಟ್ಟೆಗೆ ಗಟ್ಟಿ ಮೊಸರು ಹಾಕಿ, "ಸಾವಕಾಶ ತಿನ್ನು ತಂಗಿ" ಎಂದರು. ಆ ಏಕವಚನವನ್ನು ನಾನು ಕೋಣೆಗೆ ಹೋದ ಮೇಲೂ ನೆನೆದುಕೊಂಡೆ.

ಹಾಲಿನ ರಿಜಿಸ್ಟರಿನಲ್ಲಿ ಅಲ್ಲಲ್ಲಿ ಸಾಲುಗಳು ಖಾಲಿ ಇದ್ದವು. ಊರಿನ ಹೆಸರು ಇರುತ್ತಿತ್ತು, ಮುಂದೆ ಏನೂ ಇರುತ್ತಿರಲಿಲ್ಲ. ಯಾಕೆ ಎಂದು ಎಲ್ಲರನ್ನೂ ಕೇಳಿದೆ. ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದೆ. ಕೆಲವು ವಾರ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ದಿನ ಅಕ್ಕಾತಾಯಿಯೇ ಹೇಳಿದರು. ಹುಳಿ ಬಂದ ಕ್ಯಾನನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ತಿರಸ್ಕೃತ ಎಂದು ಬರೆಯುತ್ತಲೂ ಇರಲಿಲ್ಲ. ಹಾಗೆ ಹಲವು ಸಲ ಬರೆದರೆ ಕಂಪನಿ ಆ ಊರಿನ ಹಾಲನ್ನೇ ನಿಲ್ಲಿಸುತ್ತದೆ. ಕೃಷ್ಣೆಗೆ ನೀರು ಬಂದ ದಿನಗಳಲ್ಲಿ ಹೊಳೆದಂಡೆಯ ಜುಗೂಳ ಊರಿನ ಗಾಡಿ ಸುತ್ತು ಹಾಕಿ ಬರುತ್ತದೆ, ತಡವಾಗುತ್ತದೆ, ಹಾಲು ಕೆಡುತ್ತದೆ. ಆಗ ಅವರು ಆ ಊರಿಗೆ ಫೋನು ಮಾಡಿ, ಇವತ್ತಿನದನ್ನು ಮಜ್ಜಿಗೆ ಮಾಡಿಕೊಳ್ಳಿ ಎಂದು ಹೇಳಿ ಕ್ಯಾನು ವಾಪಸು ಕಳಿಸುತ್ತಿದ್ದರು. ಅದೂ ಸುಮ್ಮನೆ ಅಲ್ಲ. ಹಾಲು ತಂದವರನ್ನು ಹಾಗೇ ಕಳಿಸಬಾರದೆಂದು ಮುಚ್ಚಳದ ಮೇಲೆ ಒಂದು ಚಿಟಿಕೆ ಸಕ್ಕರೆ ಇಟ್ಟು.

ನನ್ನ ಮೊದಲ ಗೆಲುವು ಎಂದುಕೊಂಡೆ. ಮಂಡ್ಯಕ್ಕೆ ಫೋನು ಮಾಡಿ ಅಮ್ಮನಿಗೆ, ಇಲ್ಲಿಯವರು ನನ್ನನ್ನು ನಂಬುತ್ತಾರೆ ಎಂದು ಹೇಳಿದೆ.

ಮುಂದೊಂದು ದಿನ ಕಂಪನಿಯಿಂದ ತಪಾಸಣೆಗೆ ಬಂದ ಅಧಿಕಾರಿ ಖಾಲಿ ಸಾಲುಗಳ ಮೇಲೆ ಬೆರಳಿಟ್ಟು "ಇದು ಯಾರ ಕೆಲಸ?" ಎಂದು ಕೇಳಿದರು. ನಾನು ಹೆಸರು ಹೇಳಿದೆ. ಕಾರಣವನ್ನೂ ವಿವರವಾಗಿ ಹೇಳಿದೆ. ಕಾರಣ ಅವರನ್ನು ಕಾಪಾಡುತ್ತದೆ ಎಂದು ನಂಬಿದ್ದೆ. ಅಧಿಕಾರಿ ಹೆಸರನ್ನಷ್ಟೇ ಬರೆದುಕೊಂಡರು. ವಾರದೊಳಗೆ ಅಕ್ಕಾತಾಯಿಯನ್ನು ಕ್ಯಾನು ತೊಳೆಯುವ ಕೋಣೆಗೆ ಹಾಕಿದರು. ಅಲ್ಲಿ ಇಡೀ ದಿನ ಸೋಡಾ ಕಲಸಿದ ಬಿಸಿನೀರಿನ ಹಬೆ. ಆ ಮೂಗು ಇನ್ನು ಬಹಳ ಕಾಲ ಉಳಿಯುವುದಿಲ್ಲ. ಅವರನ್ನು ಮರಳಿ ಕರೆಸಲು ನಾನು ಕಂಪನಿಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ.

ಆಮೇಲೆ ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲದಕ್ಕೂ "ಹೌದ್ರಿ ಮೇಡಂ" ಎನ್ನತೊಡಗಿದರು. ನಾನು ಹೊರಗೆ ಬರುವಷ್ಟರಲ್ಲಿ ಅವರ ಊಟ ಮುಗಿದಿರುತ್ತಿತ್ತು. ನನ್ನ ಪಾಲಿನ ಅರ್ಧ ಭಕ್ಕರಿ ಮೇಜಿನ ಮೇಲೆ ತಟ್ಟೆ ಮುಚ್ಚಿಕೊಂಡು ಇರುತ್ತಿತ್ತು. ಅದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ. ಅದನ್ನೇ ನನಗೆ ನುಂಗಲಾಗುತ್ತಿರಲಿಲ್ಲ.

ಕಳೆದ ವಾರ ಒಂದು ಕೆಟ್ಟ ಕ್ಯಾನು ಒಳಗೆ ಹೋಯಿತು. ನಮ್ಮ ಯಂತ್ರ ಕೊಬ್ಬು ಎಷ್ಟು, ನೀರು ಎಷ್ಟು ಎಂದು ಹೇಳುತ್ತದೆ. ಹುಳಿಯ ಮೊದಲ ಸುಳಿವು ಅದಕ್ಕೆ ತಿಳಿಯುವುದಿಲ್ಲ. ಎಲ್ಲ ಕ್ಯಾನಿಗೂ ಬೇರೆ ಪರೀಕ್ಷೆ ಮಾಡಲು ಸಮಯವಿಲ್ಲ. ನಾನೇ ನೋಡಿ ಸಹಿ ಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಟ್ಯಾಂಕಿನ ಹಾಲು ಒಡೆದಿತ್ತು. ಅಷ್ಟೂ ಊರುಗಳ ಹಾಲನ್ನು ಹಿಂದಿನ ಗಟಾರಕ್ಕೆ ಬಿಟ್ಟೆವು. ಬಿಳಿ ನೀರು ಕಬ್ಬಿನ ಬದುವಿನವರೆಗೂ ಹರಿಯಿತು.

ಭರಮು ಬೆಳಿಗ್ಗೆ ಆ ಮುಚ್ಚಳ ತೆಗೆದವನು. ವಾಸನೆ ಬಂದಿತ್ತೇ ಎಂದು ಕೇಳಿದೆ.

"ಬಂದಿತ್ರಿ."

"ಯಾಕೆ ಹೇಳಲಿಲ್ಲ?"

ಅವನು ಗಟಾರದ ಕಡೆ ನೋಡುತ್ತಿದ್ದ. "ಹೇಳಿದವರು ಈಗ ಎಲ್ಲಿ ಅದಾರ ನೋಡೀರೆಲ್ರಿ."

ಸಂಜೆ ತೊಳೆಯುವ ಕೋಣೆಗೆ ಹೋದೆ. ಅಕ್ಕಾತಾಯಿ ಕ್ಯಾನುಗಳನ್ನು ಬೋರಲು ಹಾಕುತ್ತಿದ್ದರು. ಬೆರಳ ತುದಿಗಳ ಚರ್ಮ ಸುಲಿದಿತ್ತು. ನಾನು ಸುಳ್ಳು ಹೇಳಬೇಕಾಗಿತ್ತೇ ಎಂದು ಕೇಳಿದೆ. ಕೇಳುವಾಗಲೇ ಅದು ಕ್ಷಮೆಯಲ್ಲ, ವಾದ ಎಂದು ಗೊತ್ತಿತ್ತು.

"ಸುಳ್ಳ ಯಾಕ ಹೇಳ್ತೀರಿ? ಖರೇನ ಹೇಳೀರಿ" ಎಂದರು. ಒಂದು ಕ್ಯಾನು ಮಗುಚಿದ ಮೇಲೆ ಮತ್ತೆ ಹೇಳಿದರು. "ನಾ ನಿಮ್ಗ ಹೇಳಿದ್ದೆ. ನೀವು ನನ್ನ ಹೆಸರ ಮುಂದ ಮಾಡಿ ಹಿಂದ ನಿಂತ್ರಿ."

ತಂಗಿ ಎನ್ನಲಿಲ್ಲ. ಮೇಡಂ ಎಂದೂ ಅನ್ನಲಿಲ್ಲ.

ಮಂಡ್ಯಕ್ಕೆ ವರ್ಗ ಕೇಳಿ ಬಿಡು ಎಂದು ಅಮ್ಮ ಹೇಳುತ್ತಾಳೆ. ಕಳೆದ ಸಲ ಊರಿಗೆ ಹೋದಾಗ ಸಾರು ಸಪ್ಪೆ ಎನ್ನಿಸಿತು; ಅಂಗಡಿಯವನಿಗೆ ಬಾಯಿ ತಪ್ಪಿ "ಕೊಡ್ರಿ" ಎಂದೆ, ಅವನು ಯಾವೂರು ಎಂದು ಕೇಳಿದ. ಅಲ್ಲಿಯವರಿಗೆ ನಾನು ಇಲ್ಲಿಯವಳಾಗಿದ್ದೇನೆ. ಇಲ್ಲಿ ನನ್ನ ಭಕ್ಕರಿ ಇನ್ನೂ ಮುಚ್ಚಿದ ತಟ್ಟೆಯ ಕೆಳಗೇ ಇದೆ.

ಹಾಲು ಚೆಲ್ಲಿದ ಮರುದಿನ ಬೆಳಿಗ್ಗೆ ನಷ್ಟದ ಬಗ್ಗೆ ಕಂಪನಿಯ ಫಾರ್ಮು ತುಂಬಿದೆ. ಯಾರ ತಪ್ಪು ಎಂಬ ಜಾಗದಲ್ಲಿ ನನ್ನ ಹೆಸರು ಬರೆದು ಕಳಿಸಿದೆ. ಅದನ್ನು ಯಾರಿಗೂ ಹೇಳಲಿಲ್ಲ. ಗಾಡಿ ಬಂತು. ಮೊದಲ ಕ್ಯಾನಿನ ಮುಚ್ಚಳ ತೆಗೆದು ಎರಡು ಬೆರಳು ದೂರ ಹಿಡಿದೆ. ನನಗೆ ಹಾಲಿನ ವಾಸನೆಯಷ್ಟೇ ಬಂತು. ಭರಮುವನ್ನು ಕೇಳಿದೆ. "ನೀವು ಅಂದಂಗ್ರಿ" ಎಂದ.

ಎರಡನೇ ಕ್ಯಾನಿನ ಮುಚ್ಚಳವನ್ನು ತೆಗೆಯದೆ, ಕ್ಯಾನನ್ನೇ ಅಂಚಿನ ಮೇಲೆ ಉರುಳಿಸಿಕೊಂಡು ತೊಳೆಯುವ ಕೋಣೆಯ ಬಾಗಿಲಿಗೆ ಒಯ್ದೆ. ಅಕ್ಕಾತಾಯಿಯ ಕೈ ತುಂಬ ಸೋಡಾ ಇತ್ತು. ಮುಚ್ಚಳ ತೆಗೆಯಲು ಅವರು ಕೈ ಒರೆಸಿಕೊಳ್ಳುತ್ತಾರೋ ಇಲ್ಲವೋ ಎಂದು ನೋಡುತ್ತ ಹೊಸ್ತಿಲ ಹೊರಗೆ ನಿಂತೆ.