ಚೌಡಮ್ಮನ ಜಡ್ಡಿ

ದುರ್ಗಮ್ಮ ಚೌಡಮ್ಮನ ಹೆಸರು ಮೊದಲು ಕೇಳಿದ್ದು ತನ್ನ ಗಂಡ ಹುಚ್ಚನ ಕಣ್ಣು ಹಳದಿಗೆ ತಿರುಗಿದ ದಿನ. ಮದುವೆಯಾಗಿ ಆ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಸಿದ್ದಾಪುರದ ಸಂತೆಯಲ್ಲಿ ಲಾರಿಯಿಂದ ಬಾಳೆಗೊನೆ ಇಳಿಸುತ್ತಿದ್ದ ರಸೂಲ್ ಹುಚ್ಚನ ಮುಖ ನೋಡಿದವನೇ, "ಅಕ್ಕಾ, ಇದು ಕಾಮಾಲೆ. ನಿಮ್ಮೂರ ಚೌಡಮ್ಮನ್ನ ಹುಡುಕ್ಕೊಂಡು ಯಲ್ಲಾಪುರದಿಂದ ನಮ್ಮವರೇ ಬರ್ತಾರೆ. ಮಗ್ಗುಲಲ್ಲೇ ಇಟ್ಕೊಂಡು ನಿಮಗೆ ಗೊತ್ತಿಲ್ವಾ?" ಎಂದು ನಕ್ಕ.

ಚೌಡಮ್ಮ ಗಿಡ್ಡ ಹೆಂಗಸು, ಬಾಯಿ ಮಾತ್ರ ಉದ್ದ. ಮೂರು ದಿನ ಬೆಳಗಿನ ಜಾವ ಮಜ್ಜಿಗೆಯಲ್ಲಿ ಸೊಪ್ಪು ಅರೆದು ಕುಡಿಸಿದಳು. "ಕುಡ್ಕೊಂಡು ಬಂದ್ರೆ ಈ ಮಜ್ಜಿಗೇನ ತಲೆ ಮೇಲೆ ಸುರೀತೆ ಕಾಣು" ಎಂದು ಹುಚ್ಚನಿಗೆ ಬೈದಳು. ನಾಲ್ಕನೇ ದಿನವೂ ಕಣ್ಣು ತಿಳಿಯಾಗದವರನ್ನು ತಾನೇ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕಳಿಸುವವಳು. ಹುಚ್ಚ ಆ ಸಲ ಎದ್ದು ಕೂತ. ಆಮೇಲೂ ಮೂವತ್ತು ವರ್ಷ ಬದುಕಿ, ಬೇರೆ ಕಾಯಿಲೆಯಲ್ಲಿ ಹೋದ.

ಆ ಸೊಪ್ಪು ಇದ್ದದ್ದು ಕೆಳಗಿನ ಕೇರಿಯಾಚೆಯ ಜಡ್ಡಿಯಲ್ಲಿ. ಬೇಸಿಗೆಯಲ್ಲೂ ನೀರು ಆರದ ಕೆಸರುಗಾಡು ಅದು. ಮರದ ಬೇರುಗಳು ಮೊಣಕಾಲು ಮಡಚಿ ಕೂತವರ ಹಾಗೆ ಮಣ್ಣಿನಿಂದ ಎದ್ದಿರುತ್ತಿದ್ದವು. ಕಾಲಿನ ಶಕ್ತಿ ಉಡುಗತೊಡಗಿದಾಗ ಚೌಡಮ್ಮ ದುರ್ಗಮ್ಮನನ್ನು ಒಂದು ದಿನ ಅಲ್ಲಿಗೆ ಕರೆದೊಯ್ದು ಗಿಡ ತೋರಿಸಿದಳು. "ಹೆಸರು ಬಾಯಿಂದ ಬಿದ್ರೆ ಔಷಧಿ ಸಾಯ್ತದೆ. ದೇವರಾಣೆ ಮಾಡು." ದುರ್ಗಮ್ಮ ಮಾಡಿದಳು. ಅಲ್ಲಿಂದ ಆರು ವರ್ಷ, ಯಾರಾದರೂ ಎಲ್ಲಿಗೆ ಹೊರಟೆ ಎಂದರೆ "ಸೌದೆಗೆ" ಎನ್ನುತ್ತ ಸೊಪ್ಪು ತಂದುಕೊಟ್ಟಳು.

ಹೋದ ವರ್ಷ ಊರಿನ ಯಾವ ಜಾಗ ಯಾವುದಕ್ಕೆ ಎಂದು ಯೋಜನೆ ಮಾಡುವವರು ಬಂದರು. ಶಾಲೆಯ ಜಗುಲಿಯಲ್ಲಿ ರಂಗೋಲಿಯಿಂದ ಊರನ್ನೇ ಬರೆದು, ಭೂಮಿಕಾ ಎಂಬ ಹುಡುಗಿ ಎಲ್ಲರ ಕೈಗೆ ಐದೈದು ಹುಣಸೆ ಬೀಜ ಕೊಟ್ಟಳು. ಯಾವ ಜಾಗ ಇದ್ದ ಹಾಗೇ ಉಳಿಯಬೇಕೋ ಅಲ್ಲಿ ಇಡಬೇಕು.

"ಎಂಗೆ ಸೊಪ್ಪಿನ ಬೆಟ್ಟ ಇಲ್ದಿದ್ರೆ ತೋಟವೇ ಇಲ್ಲೆ" ಎಂದು ಸೀತಾರಾಮ ಹೆಗಡೆ ಐದನ್ನೂ ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ಕಡಿಯುವ ಬೆಟ್ಟದ ಮೇಲೆ ಸುರಿದರು.

"ಹೆಗಡೇರಿಗೆ ಸೊಪ್ಪು, ನಮಗೆ ಮಳೇಲಿ ಎರಡು ಮೈಲಿ ನಡಿಗೆ!" ಎಂದ ಕೆಳಗಿನ ಕೇರಿಯ ಉಲ್ಲಾಸ, ರಂಗೋಲಿಯ ಜಡ್ಡಿಗೆ ಬೆರಳಿಟ್ಟು. "ಬಸ್ಸು ಮೇಲಿನ ಕೇರೀಲೇ ತಿರುಗಿ ಹೋಗ್ತದೆ. ಈ ಕೆಸರು ತುಂಬ್ಸಿ ಕೊಡಿ, ಬಸ್ಸೂ ತಿರುಗ್ತದೆ, ಮಕ್ಕಳಿಗೆ ಆಡ್ಲಿಕ್ಕೂ ಆಗ್ತದೆ."

ದುರ್ಗಮ್ಮ ದನ ಮೇಯುವ ಹಕ್ಕಲಿನ ಮೇಲೆ ಬೀಜವಿಟ್ಟಳು. ಜಡ್ಡಿಯ ಮೇಲೆ ಒಂದೂ ಬೀಳಲಿಲ್ಲ. ಭೂಮಿಕಾ ಅವಳನ್ನೇ ಕೇಳಿದಳು: "ಅಜ್ಜಿ, ನೀವು ಸೌದೆಗೆ ಆ ಕಡೆ ಹೋಗ್ತೀರಂತಲ್ಲ, ಅಲ್ಲಿ ಎಂತ ಉಂಟು?"

ನಾಲಿಗೆ ತುದಿಗೆ ಬಂದದ್ದನ್ನು ದುರ್ಗಮ್ಮ ನುಂಗಿದಳು. "ಎಂತ ಇಲ್ಲ ಮಗಾ. ಕೆಸರು."

ಹುಡುಗಿ ಅದನ್ನೇ ಬರೆದುಕೊಂಡಳು.

ಗಿಡದ ಹೆಸರು ಹೇಳದೆ, ಅಲ್ಲಿ ಔಷಧಿ ಉಂಟು ಎಂದಷ್ಟೇ ಹೇಳಬಹುದಿತ್ತು ಎಂದು ಅವಳಿಗೆ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ. ಮರುದಿನ ಹೋಗಿ ಹೇಳಿದರಾಯಿತು ಅಂದುಕೊಂಡಳು. ಮರುದಿನ ನಾಚಿಕೆಯಾಯಿತು. ಆಮೇಲೆ ಭತ್ತದ ಕೊಯ್ಲು ಬಂತು. ಚಳಿಗಾಲ ಮುಗಿಯುವಷ್ಟರಲ್ಲಿ ಟಿಪ್ಪರುಗಳು ಕೆಂಪು ಮಣ್ಣು ಸುರಿದು, ಜಡ್ಡಿ ಅಂಗೈಯಷ್ಟು ಸಪಾಟಾಯಿತು. ಮೊದಲ ಬಸ್ಸು ಬಂದಾಗ ದುರ್ಗಮ್ಮನೂ ಹತ್ತಿದಳು. ಸೀರೆಯ ಅಂಚಿಗೆ ಕೆಸರಾಗಿರಲಿಲ್ಲ. ಅದಕ್ಕೆ ಒಂದು ಗಳಿಗೆ ಹಿತವೆನಿಸಿದ್ದನ್ನು ಅವಳು ಇಂದಿಗೂ ಯಾರಿಗೂ ಹೇಳಿಲ್ಲ.

ಹಾಸಿಗೆ ಹಿಡಿದ ಚೌಡಮ್ಮನ ಹತ್ತಿರ ಒಣಗಿಸಿಟ್ಟ ಸೊಪ್ಪು ಸ್ವಲ್ಪವಿತ್ತು. ಅದೂ ಮುಗಿದ ದಿನ ದುರ್ಗಮ್ಮ ಎಲ್ಲವನ್ನೂ ಹೇಳಿ, ಅವಳ ಕಾಲ ಬುಡದಲ್ಲಿ ಕೂತು ಅತ್ತಳು.

ಚೌಡಮ್ಮ ಕಾಲು ಹಿಂದಕ್ಕೆಳೆದುಕೊಂಡಳು. "ನಂಗೆ ಒಂದು ಮಾತು ಕೇಳೂಕಾಗ್ಲಿಲ್ವಾ ಮಾರಾಯ್ತಿ? ಮಾರಿಕೊಳ್ಳುವವರಿಗೆ ಹೇಳ್ಬ್ಯಾಡ ಅಂದದ್ದು ನಾನು. ಜಡ್ಡೀನೇ ಹೋಗ್ತದೆ ಅಂದ್ರೆ ಆಣೆ ನಾನೇ ಬಿಡಿಸ್ತಿದ್ದೆ."

"ಬೈಯಿ ಅಕ್ಕಾ. ನಿನ್ನ ಬಾಯಿಗೆ ಎಂತಾಯ್ತು ಇವತ್ತು?"

"ಬೈದ್ರೆ ನಿಂಗೆ ಹಗುರಾಗ್ತದೆ. ಹೋಗು."

ಚೌಡಮ್ಮ ಗೋಡೆಯ ಕಡೆ ಮಗ್ಗುಲಾದಳು. ಆಮೇಲೆ ನಾಲ್ಕು ದಿನ ಬದುಕಿದ್ದಳು, ಯಾರ ಹತ್ತಿರವೂ ಏನೂ ಬೇಡಲಿಲ್ಲ. ದುರ್ಗಮ್ಮನ ಹತ್ತಿರ ಅವಳು ಕಡೆಯದಾಗಿ ಕೇಳಿದ್ದು ಆ ದಿನವೇ, ಗೋಡೆ ನೋಡಿಕೊಂಡೇ:

"ಶುಕ್ರವಾರ ಬಿಸ್ಮಿಲ್ಲಾ ಬಿ ಮೊಮ್ಮಗಳನ್ನ ಕರ್ಕೊಂಡು ಯಲ್ಲಾಪುರದಿಂದ ಬರ್ತಾಳೆ, ಕೂಸಿನ ಕಣ್ಣು ಹಳದಿಯಾಗಿದೆಯಂತೆ. ನೀನು ಬಸ್ಸಿನ ಹತ್ರವೇ ಹೋಗಿ ನಿಲ್ಲು. ಔಷಧಿ ಇಲ್ಲ, ಇನ್ನು ಬರ್ಬ್ಯಾಡಿ, ಸೀದಾ ಆಸ್ಪತ್ರೆಗೆ ಹೋಗಿ ಅಂತ ನೀನೇ ಹೇಳು. ಎಂತಕ್ಕೆ ಇಲ್ಲ ಅಂತ ಅವಳು ಕೇಳ್ತಾಳೆ. ಅದನ್ನೂ ನೀನೇ ಹೇಳು."