ಚಾಲೂ ದಿನ ಕುಡಿದ ನೀರು

ಆ ಕಾಲುವೆಯ ನೀರನ್ನು ಅಧಿಕಾರಿಯ ಎದುರು ಗಟಗಟ ಕುಡಿದವನು ನಾನು. ಇದು ಊರಿಗೆಲ್ಲ ಗೊತ್ತು. ಯಾವ ದಿನ ಕುಡಿಯಬೇಕೆಂದು ಆರಿಸಿದವನೂ ನಾನೇ — ಇದು ಯಾರಿಗೂ ಗೊತ್ತಿಲ್ಲ. ಕಾರ್ಖಾನೆಯ ಮಾಲೀಕರು ಆರಿಸಲಿಲ್ಲ, ಅವರ ಬೆನ್ನಿಗಿದ್ದ ನಾಯಕರೂ ಆರಿಸಲಿಲ್ಲ. ಯಾರೂ ಕೇಳದಿದ್ದರೂ ನಡುವೆ ಬಾಯಿ ಹಾಕಿ ಹೇಳಿದವನು ನಾನು.

ಕೆಂಭಾವಿಯಿಂದ ಸುರಪುರದವರೆಗೆ ನನ್ನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕಾರ್ಖಾನೆ ಸೇರಿದ ದಿನ ಮೀಸೆ ನೋಡಿ ವಾಚ್‌ಮನ್‌ಗೆ ಬಗ್ಗಿ ನಮಸ್ಕಾರ ಹಾಕಿದೆ. ಪಕ್ಕದಲ್ಲಿ ಮಾಸಿದ ಅಂಗಿ ತೊಟ್ಟು ನಿಂತಿದ್ದ ಮಾಲೀಕರಿಗೆ, "ಕಾಕಾ, ಎರಡು ಚಹಾ ತಗೊಂಡ್ ಬಾ" ಎಂದೆ. ನಿಜ ಹೇಳಬೇಕೆಂದರೆ ಒಂದೇ ಚಹಾ ಎಂದಿದ್ದೆ. ಎರಡು ಎಂದರೆ ಜನ ಹೆಚ್ಚು ನಗುತ್ತಾರೆ. ಮಾಲೀಕರೂ ನಕ್ಕರು. ಊರವರ ಜೊತೆ ಮಾತಾಡಿ ಅವರನ್ನು ನಗಿಸುತ್ತ ಇರುವುದೇ ನಿನ್ನ ಕೆಲಸ ಎಂದರು.

ನಮ್ಮ ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ದುಂಡಗೆ ಕತ್ತರಿಸಿ, ಆ್ಯಸಿಡ್‌ನಲ್ಲಿ ತೊಳೆದು, ಬಿಲ್ಲೆ ಮಾಡಿ ಸರ್ಕಾರದ ಟಂಕಸಾಲೆಗೆ ಕಳಿಸುತ್ತಿದ್ದರು. ಅಲ್ಲಿ ಅದರ ಮೇಲೆ ಅಂಕಿ ಒತ್ತಿದರೆ ನಾಣ್ಯ. ಮಾಲೀಕರು ನಾಯಕರ ಪಕ್ಷಕ್ಕೆ ದೇಣಿಗೆ ಕೊಟ್ಟರು; ಸ್ವಲ್ಪ ದಿನಕ್ಕೆ ಗುತ್ತಿಗೆ ಬಂತು. "ಲಂಚ ಅಲ್ರಿ ಇದು, ರಸೀದಿ ಐತಿ," ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ನಾಯಕರ ಸನ್ಮಾನದ ದಿನ ಮೈಕು ಹಿಡಿದು ಜೈಕಾರ ಕೂಗಿದವನು ನಾನೇ. ರಸೀದಿ ಇರುವ ಕೆಲಸದಲ್ಲಿ ತಪ್ಪೇನಿದೆ ಎಂದು ಆಗ — ಇಲ್ಲ, ಆಗಲೂ ನನಗೆ ಗೊತ್ತಿತ್ತು.

ಆ್ಯಸಿಡ್ ತೊಳೆದ ನೀರು ಒಂದು ಕೊಳವೆಯಿಂದ ನಮ್ಮೂರ ಉಪಕಾಲುವೆಗೆ ಬೀಳುತ್ತಿತ್ತು. ನಮ್ಮ ಕಾಲುವೆಗೆ ನೀರು ಸರದಿಯಲ್ಲಿ ಬರುತ್ತದೆ. ಬಿಟ್ಟಾಗ ಚಾಲೂ, ನಿಲ್ಲಿಸಿದಾಗ ಬಂದ್. ಚಾಲೂ ಇದ್ದಾಗ ಎಂಥ ಹೊಲಸಾದರೂ ಕೊಚ್ಚಿಕೊಂಡು ಹೋಗುತ್ತದೆ. ಬಂದ್ ಆದಾಗ ತಳದ ಗುಂಡಿಗಳಲ್ಲಿ ನಿಲ್ಲುವುದು ಕಾರ್ಖಾನೆಯ ನೀರೊಂದೇ. ನೆಲ್ಲು ಹಚ್ಚುವ, ಅಂದರೆ ನಾಟಿ ಮಾಡುವ, ಹೆಂಗಸರು ಬಂದ್ ಇರುವಾಗಲೇ ಸಸಿ ಕಿತ್ತು, ಆ ಗುಂಡಿಗಳಲ್ಲಿ ಬೇರು ತೊಳೆದು, ಕಟ್ಟು ಕಟ್ಟಿ ಇಡುತ್ತಾರೆ. ನೀರು ಬಿಟ್ಟ ಕೂಡಲೇ ಹಚ್ಚಬೇಕಲ್ಲ.

ಆ ಹೆಂಗಸರ ಮುಂದಾಳು ನೀಲವ್ವ, ನನ್ನ ಅವ್ವನ ತಂಗಿ — ನನ್ನ ಚಿಗವ್ವ. ಅವಳ ಕೈಯ ಚರ್ಮ ಸುಲಿಯತೊಡಗಿತು. ಕಾರ್ಖಾನೆಯ ನೀರಿನಿಂದಲೇ ಎಂದು ಅವಳು ಶಹಾಪುರದ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಟ್ಟಳು. ನೀರಿನ ತಪಾಸಣೆಯಲ್ಲಿ ತಪ್ಪು ಕಂಡರೆ ಗುತ್ತಿಗೆ ಹೋಗುತ್ತದೆ. ನಾಯಕರಿಂದ ಫೋನ್ ಬಂತು — ತಪಾಸಣೆ ತಪ್ಪಿಸಲು ಆಗುವುದಿಲ್ಲ, ದಿನ ಬೇಕಾದರೆ ನೀವೇ ಹೇಳಿ. ಮಾಲೀಕರು ತಲೆ ಹಿಡಿದುಕೊಂಡು ಕೂತಿದ್ದರು.

"ಸಾಹೇಬ್ರ, ಚಾಲೂ ಇದ್ದಾಗ ಕರಸ್ರಿ," ಎಂದೆ ನಾನು. "ಈ ದಂಡಿಯಿಂದ ಆ ದಂಡಿತನಕ ನೀರು ತುಂಬಿರತೈತಿ. ಅದರಾಗ ಅವ್ರಿಗೆ ಏನ್ ಸಿಗತೈತ್ರಿ?"

ಅವರು ನನ್ನನ್ನೇ ನೋಡಿದರು. "ಲೇ, ನೀ ದಡ್ಡ ಅಲ್ಲಲೇ!"

ಅಷ್ಟೇ. ಹುಟ್ಟಿದಾಗಿನಿಂದ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಎದೆ ಉಬ್ಬಿತು. ಚಿಗವ್ವನ ಕೈ ನೆನಪಾಗಲಿಲ್ಲ ಎಂದು ಬರೆಯಬಹುದಿತ್ತು — ನೆನಪಾಯಿತು. ಆದರೂ ಉಬ್ಬಿತು.

ಅಧಿಕಾರಿ ಬಂದ ದಿನ ಕಾಲುವೆ ತುಂಬಿ ಹರಿಯುತ್ತಿತ್ತು. ಅವರು ಬಾಟಲಿಯಲ್ಲಿ ನೀರು ಹಿಡಿದರು. ಚಿಗವ್ವ ಎರಡೂ ಕೈ ಚಾಚಿ ತೋರಿಸಿದಳು. ಆಗ ನಾನು, ಯಾರೂ ಹೇಳದಿದ್ದರೂ, ಚೊಂಬಿನಲ್ಲಿ ನೀರು ಮೊಗೆದು ಕುಡಿದೆ, ತೇಗಿದೆ, ಮೀಸೆ ಒರೆಸಿಕೊಂಡೆ.

"ಚಿಗವ್ವ, ನಿನ್ನ ಕೈ ಸುಟ್ಟಿದ್ದು ನೀರಿಗಲ್ಲ, ರೊಟ್ಟಿ ಹಂಚಿಗೆ! ನಿನ್ನ ಗಂಡಗ ಹೇಳು, ಇನ್ಮ್ಯಾಲೆ ತನ್ನ ರೊಟ್ಟಿ ತಾನ ಬಡೀಲಿ!"

ಜನ ಬಿದ್ದು ಬಿದ್ದು ನಕ್ಕರು. ಅಧಿಕಾರಿಯೂ ನಕ್ಕರು. ಚಿಗವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಸಂಜೆ ಅವ್ವನ ಹತ್ತಿರ, "ವಿಷ ಇದ್ದಿದ್ರ ನಮ್ಮ ಹುಡುಗ ಯಾಕ ಕುಡೀತಿದ್ದ? ನನಗರೆ ಹೇಳ್ತಿದ್ದಿಲ್ಲೇನು?" ಎಂದಳು. ಪಕ್ಕದ ಕೋಣೆಯಲ್ಲೇ ನಾನಿದ್ದೆ. ಎದ್ದು ಹೋಗಿ ಒಂದು ಮಾತು —

ಹೇಳಲಿಲ್ಲ.

ಮುಂದಿನ ಬಂದ್‌ನಲ್ಲಿ ಅವಳು ನನ್ನನ್ನು ನಂಬಿ ಮತ್ತೆ ಆ ಗುಂಡಿಗೆ ಕೈ ಹಾಕಿದಳು. ಗಾಯ ಕೀವಾಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳು ತೆಗೆದರು. ನೀರು ಚೆನ್ನಾಗಿದೆ ಎಂದು ವರದಿ ಬಂತು. ಗುತ್ತಿಗೆ ಉಳಿಯಿತು, ಮಾಲೀಕರು ಪಕ್ಷಕ್ಕೆ ಮತ್ತೊಮ್ಮೆ ದೇಣಿಗೆ ಕೊಟ್ಟರು, ನನಗೆ ಫ್ಯಾನಿನ ಕೆಳಗೊಂದು ಕುರ್ಚಿ ಸಿಕ್ಕಿತು. ಸಸಿ ಹಿಡಿಯಲಾಗದ ಚಿಗವ್ವನನ್ನು ಗುಂಪಿನವರು ಕರೆಯುವುದು ಬಿಟ್ಟರು. ಊರಿನಲ್ಲಿ ಅವಳಿಗೆ 'ಹಂಚಿನ ನೀಲವ್ವ' ಎಂಬ ಹೆಸರು ಉಳಿಯಿತು. ಆ ಹೆಸರು ಇಟ್ಟವನೂ ನಾನು.

ವರ್ಷಗಳು ಹೋದವು. ಈಚೆಗೆ, ಕೆಲಸ ಬಿಟ್ಟ ಮೇಲೆ, ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಎಡಗೈಯಲ್ಲಿ ಹಿಟ್ಟು ಕಲಸುತ್ತ ಕೇಳಿಸಿಕೊಂಡಳು.

"ಬಂದ್ ಇದ್ದಾಗ ಆ ನೀರು ಹೆಂಗಿರತೈತಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು ಚಿಗವ್ವ."

"ಹಂಗಾರ ನನಗ್ಯಾಕ ಹೇಳ್ತೀ? ಅಗಸಿ ಮುಂದ ಹೋಗಿ ಹೇಳು. ಅವತ್ತ ನಕ್ಕವರು ಕೇಳ್ಲಿ."

ಊರಬಾಗಿಲ ಕಟ್ಟೆಗೆ ಹೋಗಿ ಹೇಳಿದೆ. "ಆ ದಿನ ಆರಿಸಿದವ ನಾನ ರಿ," ಎಂದೆ. ಕಟ್ಟೆಯ ಮೇಲಿದ್ದವರು ತೊಡೆ ತಟ್ಟಿ ನಕ್ಕರು. "ಮಗಾ ಇನ್ನೂ ಸುಧಾರಿಸಿಲ್ಲ! ಮುಂದ ಹೇಳಲೇ!" ಎಂದರು. ನನ್ನ ದನಿಯೇ ಹಾಗೆ. ಅಳು ಬಂದರೂ ಮಿಮಿಕ್ರಿ ಮಾಡಿದಂತೆ ಕೇಳುತ್ತದೆ. ಅದಕ್ಕೇ ಇದನ್ನು ಬರೆದೆ. ಬರಹಕ್ಕೆ ದನಿ ಇರುವುದಿಲ್ಲ.

ನಾಳೆ ಕಾಲುವೆ ಬಂದ್. ಕೊಳವೆ ಇನ್ನೂ ಸುರಿಯುತ್ತಲೇ ಇದೆ. ಗುಂಡಿಯ ನೀರು ಬಾಟಲಿಯಲ್ಲಿ ತುಂಬಿಸಿಕೊಂಡು ಶಹಾಪುರದ ಕಚೇರಿಗೆ ಹೋಗಿ, ದಿನ ಆರಿಸಿದ್ದು, ಫೋನ್ ಬಂದದ್ದು, ಎಲ್ಲ ಬರೆದುಕೊಟ್ಟು ಸಹಿ ಮಾಡುತ್ತೇನೆ. ನಿನ್ನೆ ಸಂಜೆ ಚಿಗವ್ವನಿಗೂ ಇದನ್ನೇ ಹೇಳಿದೆ.

"ನಾನೂ ಬರ್ತೀನಿ," ಎಂದಳು. "ಬಾಟ್ಲಿ ಮಾತ್ರ ನೀ ಮುಟ್ಟಬ್ಯಾಡ. ನನ್ನ ಮಗಳು ತುಂಬತಾಳ."