ಗೌರಿ ಹೂವಿನ ಗೆಡ್ಡೆ

ಹೆಡತಲೆಯ ಗೋವಿಂದಮ್ಮನನ್ನು ಹೆಮ್ಮರಗಾಲದ ದೊಡ್ಡಮಾದಯ್ಯ ಮದುವೆಯಾದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಅವನು ಬೆಟ್ಟದಿಂದ ಬೇರು, ಗೆಡ್ಡೆ ಅಗೆದು ತಂದು ನಂಜನಗೂಡಿನ ಹೊಳೆದಂಡೆಯಲ್ಲಿ ಹರಡಿಕೊಂಡು ಮಾರುತ್ತಿದ್ದ. ತಿನ್ನುವವರಿಗೆ ನೂರೆಗೆಣಸು, ಮದ್ದು ಅರೆಯುವ ಪಂಡಿತರಿಗೆ ಗೌರಿ ಹೂವಿನ ಗೆಡ್ಡೆ. ಎರಡನೆಯದು ವಿಷ. ಮಳೆಗಾಲದಲ್ಲಾದರೆ ಯಾರು ಬೇಕಾದರೂ ಗುರುತು ಹಿಡಿಯಬಹುದು: ಉರಿಯುವ ಬೆಂಕಿಯಂಥ ಹೂವು, ತುದಿ ಸುರುಳಿ ಸುತ್ತಿದ ಎಲೆ. ಬೇಸಿಗೆಯಲ್ಲಿ ಬಳ್ಳಿ ಒಣಗಿಹೋಗಿ ನೆಲದೊಳಗೆ ಗೆಡ್ಡೆಯಷ್ಟೇ ಉಳಿಯುತ್ತದೆ. ಯಾವ ಗೆಡ್ಡೆ ಯಾವುದೆಂದು ಗೋವಿಂದಮ್ಮ ತಪ್ಪು ಹೇಳಿದಾಗಲೆಲ್ಲ ಅವನು ಅವಳ ಬೆರಳ ಗೆಣ್ಣಿಗೆ ಕೋಲಿನಿಂದ ಬಡಿಯುತ್ತಿದ್ದ. ಹಾಗೇ ಕಲಿತಳು. ಅವನಿಗಿಂತ ಚೆನ್ನಾಗಿಯೇ ಕಲಿತಳು.

ಒಂದು ಬೇಸಿಗೆ, ಅವನು ಗೆಣಸೆಂದು ಮಾರಲು ಎತ್ತಿಕೊಂಡ ಗೆಡ್ಡೆಯನ್ನು ನೋಡಿ ಗಿರಾಕಿಗಳ ಎದುರಿಗೇ ಹೇಳಿಬಿಟ್ಟಳು: "ಇದು ಗೆಣ್ಸಲ್ಲ, ಗೌರಿ ಊವಿಂದು."

"ನಂಗೇ ಏಳ್ಕೊಡ್ತೀಯಾ ಅಮ್ಮಿ? ತಿಂದು ತೋರ್ಸು ಮತ್ತೆ!"

ಜುಟ್ಟು ಹಿಡಿದು ಬಾಯಿಗೆ ತುರುಕಿದ. ವಾಂತಿ ಭೇದಿಯಲ್ಲಿ ಸತ್ತು ಬದುಕಿದಳು. ಆಮೇಲೆ ತಲೆಗೂದಲು ಹಿಡಿಹಿಡಿಯಾಗಿ ಕೈಗೆ ಬಂತು.

"ನಾನಿನ್ನೂ ಬದ್ಕಿವ್ನಿ, ದಿನಾ ಬೋಳಿ ಮೊಕ ನೋಡ್ಬೇಕಾ?" ಎಂದು ಅವಳನ್ನು ನರಸೀಪುರದಲ್ಲಿದ್ದ ಅವಳಣ್ಣ ಮರಿಯಯ್ಯನ ಮನೆಗೆ ಅಟ್ಟಿದ. ಕೂದಲು ಮತ್ತೆ ಬೆಳೆಯುವಷ್ಟರಲ್ಲಿ ಬಿಳಿಗೆರೆಯ ಮಂಗಳಮ್ಮನನ್ನು ಕಟ್ಟಿಕೊಂಡಿದ್ದ.

ಒಂದು ದಿನ ಆ ಹುಡುಗಿಯೇ ನರಸೀಪುರಕ್ಕೆ ಹುಡುಕಿಕೊಂಡು ಬಂದಳು. ಬೆರಳುಗಳು ಊದಿದ್ದವು.

"ಅಕ್ಕ, ಬ್ಯಾಸ್ಗೇಲಿ ಗೌರಿ ಊವಿನ್ ಗೆಡ್ಡೆನ ಎಂಗೆ ಗುರ್ತಿಡಿಯೋದು? ಏಳ್ಕೊಡಕ್ಕ. ಸಾಯಂಗೆ ಒಡೀತಾನೆ."

ನುಣುಪು ಸಿಪ್ಪೆ, ನೇಗಿಲಿನ ಹಾಗೆ ಕವಲೊಡೆದ ಆಕಾರ. ಹೇಳಲು ಒಂದು ಮಾತು ಸಾಕಿತ್ತು.

"ನಂಗ್ಯಾರು ಏಳ್ಕೊಟ್ರು? ನೀನೂ ಒಡಿಸ್ಕೊಂಡೇ ಕಲಿ," ಎಂದು ಗೋವಿಂದಮ್ಮ ಬಾಗಿಲು ಹಾಕಿಕೊಂಡಳು.

ಮುಂದಿನ ಬೇಸಿಗೆಗೆ ಸುದ್ದಿ ಬಂತು. ಯಾವುದು ಯಾವುದೆಂದು ತಿಳಿಯದೆ, ಏಟಿಗೆ ಹೆದರಿ, ಮಂಗಳಮ್ಮ ಒಂದು ಗೆಡ್ಡೆಯನ್ನು ಕದ್ದು ಕಚ್ಚಿ ರುಚಿ ನೋಡಿದ್ದಳಂತೆ.

ಗೋವಿಂದಮ್ಮ ಹೆಮ್ಮರಗಾಲಕ್ಕೆ ಹೋದಾಗ ಹೆಣವನ್ನು ಜಗಲಿಯ ಮೇಲೆ ಮಲಗಿಸಿದ್ದರು. ಅವಳ ಕಣ್ಣು ಮೊದಲು ಹೋದದ್ದು ದಟ್ಟವಾದ ಜಡೆಯ ಮೇಲೆ. ಇವಳದು ಒಂದು ಕೂದಲೂ ಉದುರಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ಕಪ್ಪಾಗಿದ್ದ ಬೆರಳ ಗೆಣ್ಣುಗಳು ಕಂಡವು. ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತಳು.

ದೊಡ್ಡಮಾದಯ್ಯ ಹತ್ತಿರ ಬಂದ. "ಬಂದಿದ್ದು ಒಳ್ಳೇದಾಯ್ತು. ಗೆಡ್ಡೆ ಗೊತ್ತಿರೋಳು ಬೇಕು ನಂಗೆ. ಇಲ್ಲೇ ಇದ್ಬುಡು."

ನರಸೀಪುರದಲ್ಲಿ ಅತ್ತಿಗೆ ಆಗಲೇ ಅವಳ ಚಾಪೆಯನ್ನು ದನದ ಕೊಟ್ಟಿಗೆಗೆ ಎಸೆದಿದ್ದಳು. ಹೆಣ ಎತ್ತಿದ ಮೇಲೆ ಗೋವಿಂದಮ್ಮ ಪೊರಕೆ ತೆಗೆದುಕೊಂಡು ಜಗಲಿ ಗುಡಿಸಿದಳು.